ಸೂಸನ್ ಗ್ಲಾಸ್ಪೆಲ್ ಊರಿನಲ್ಲಿ ಒಂದು ದಿನ | ಪ್ರಾವಿನ್ಸ್‌ಟೌನ್ ವ್ಲಾಗ್

ಬೋಟ್ ಇಳಿದಾಯ್ತು. ಇದು ಪ್ರಾವಿನ್ಸ್‌ಟೌನ್, ಅಮೆರಿಕದ ನಾಟಕಕಾರ್ತಿ ಸೂಸನ್ ಗ್ಲಾಸ್ಪೆಲ್ ಬಾಳಿದ ಊರು. ಬಾಸ್ಟನ್‌ನಿಂದ ಒಂದೂವರೆ ಗಂಟೆ. ಸಮುದ್ರ ನೀವೇ ನೋಡಿದ್ರಿ, ಹೇಳೋದೇನೂ ಇಲ್ಲ.

ಈಗ ಬ್ಯಾಗ್ ನೋಡಿ. ಆ ಕೆಂಪು ಕಲೆ ಮಿಡಿ ಉಪ್ಪಿನಕಾಯಿಯದು. ಮೊಸರನ್ನಕ್ಕೆ ಅಂತ ಚಿಕ್ಕ ಗಾಜಿನ ಬಾಟಲಿಯಲ್ಲಿ ತಂದಿದ್ದೆ. ಇಳಿಯುವಾಗ ಬ್ಯಾಗ್ ಕಂಬಿಗೆ ಬಡಿದು ಟಪ್ ಅಂತು. ಟವೆಲ್ ಒದ್ದೆ, ಪುಸ್ತಕದ ಮೂಲೆ ಕೆಂಪು, ಚಾರ್ಜರ್ ತೂತಿನಲ್ಲಿ ಸಾಸಿವೆ. ಗಾಜಿನ ಚೂರು ಸೇರಿದೆ, ಒಂದು ಮಿಡಿಯೂ ಉಳಿಯಲಿಲ್ಲ. ನಮ್ಮ ಯಜಮಾನರು "ಒಂದು ಬಾಟಲಿ ಉಪ್ಪಿನಕಾಯಿ ತಾನೇ, ಬಿಡೇ" ಅಂದರು. ತುಂಬಾ ಸಿಟ್ಟು ಬಂತು. ತೊಟ್ಟು ಮುರಿಯದ ಹಾಗೆ ಮಿಡಿ ಆರಿಸಿ, ಉಪ್ಪಿನಲ್ಲಿ ಹಾಕಿ, ದಿನಾ ಕೈಯಾಡಿಸಿ, ಸುರುಟಿದ ಮೇಲೆ ಖಾರ ಅರೆದು ಹಾಕಿದ್ದಾರೆ ಅಮ್ಮ. ಅದು ಬರೀ ಬಾಟಲಿ ಅಲ್ಲ.

ಸೂಸನ್ ನಾಟಕದಲ್ಲೂ ಬಾಟಲಿ ಒಡೆಯುತ್ತದೆ. ಮಿನ್ನಿ ರೈಟ್ ಅನ್ನೋ ಹೆಂಗಸು ಗಂಡನನ್ನು ಕೊಂದ ಆರೋಪದ ಮೇಲೆ ಜೈಲಿನಲ್ಲಿದ್ದಾಳೆ. ಅವಳು ಹಾಕಿಟ್ಟ ಹಣ್ಣಿನ ಬಾಟಲಿಗಳು ಚಳಿಗೆ ಒಡೆದಿವೆ. ಅವಳಿಗೆ ಅದೇ ಚಿಂತೆ. ತನಿಖೆಗೆ ಬಂದ ಗಂಡಸರು ನಗುತ್ತಾರೆ, ಹೆಂಗಸರಿಗೆ ಇಂಥ ಚಿಲ್ಲರೆ ವಿಷಯವೇ ದೊಡ್ಡದು ಅಂತ. ನಾಟಕದ ಹೆಸರೂ ಅದೇ, 'ಟ್ರೈಫಲ್ಸ್'. ಗಂಡಸರು ಮಹಡಿಯಲ್ಲಿ ಸಾಕ್ಷಿ ಹುಡುಕುತ್ತಾರೆ. ಅಡುಗೆಮನೆಯಲ್ಲಿ ನಿಂತ ಇಬ್ಬರು ಹೆಂಗಸರಿಗೆ ಅದು ಹೊಲಿಗೆ ಪೆಟ್ಟಿಗೆಯಲ್ಲೇ ಸಿಗುತ್ತದೆ. ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಕ್ಯಾನರಿ ಹಕ್ಕಿ, ಕತ್ತು ತಿರುಚಿ ಸತ್ತದ್ದು. ಅವರು ಅದನ್ನು ಬಚ್ಚಿಡುತ್ತಾರೆ. ಒಡೆಯದೆ ಉಳಿದ ಒಂದೇ ಚೆರ್ರಿ ಬಾಟಲಿಯನ್ನು ಅವಳಿಗೆ ಕಳಿಸಿ, ಎಲ್ಲ ಚೆನ್ನಾಗಿದೆ ಅಂತ ಹೇಳೋಣ ಅಂದುಕೊಳ್ಳುತ್ತಾರೆ. ಅಲ್ಲಿಗೆ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇದು ಸುಮ್ನೆ ಹುಟ್ಟಿದ ಕಥೆ ಅಲ್ಲ. ಸೂಸನ್ 1876ರಲ್ಲಿ ಅಯೋವಾದ ಡ್ಯಾವನ್‌ಪೋರ್ಟ್‌ನಲ್ಲಿ ಹುಟ್ಟಿದವರು. ಡೆ ಮೊಯ್ನ್ ಊರಿನ ಪತ್ರಿಕೆಯಲ್ಲಿ ವರದಿಗಾರ್ತಿ. 1900ರ ಡಿಸೆಂಬರ್‌ನಲ್ಲಿ ಜಾನ್ ಹೊಸ್ಸಾಕ್ ಅನ್ನೋ ರೈತನನ್ನು ಮಲಗಿದ್ದಲ್ಲೇ ಕೊಡಲಿಯಿಂದ ಕೊಂದರು. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಮಾರ್ಗರೆಟ್ ಮೇಲೆ ಕೇಸ್ ಬಿತ್ತು. ಅದನ್ನು ವರದಿ ಮಾಡಿದ್ದು ಸೂಸನ್. ಶಿಕ್ಷೆ ಕೊಟ್ಟ ಜ್ಯೂರಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಆಮೇಲೆ ಮೇಲಿನ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

ಹಾಂ, ಇದೇ ಕಮರ್ಷಿಯಲ್ ಸ್ಟ್ರೀಟ್. ಮಂಗಳೂರು ಕಡೆ ಧಕ್ಕೆ ಅಂತಾರಲ್ಲ, ಅಂಥದ್ದು ಇಲ್ಲಿತ್ತು. ಅದರ ಮೇಲಿನ ಹಳೇ ಮೀನಿನ ಶೆಡ್ಡೇ ಸೂಸನ್ ತಂಡದ ನಾಟಕಶಾಲೆ. ಈಗ ಧಕ್ಕೆಯೂ ಇಲ್ಲ, ಶೆಡ್ಡೂ ಇಲ್ಲ. 1916ರ ಬೇಸಿಗೆಯಲ್ಲಿ ಗಂಡ ಜಾರ್ಜ್ ಕ್ರ್ಯಾಮ್ ಕುಕ್, ಮುಂದಿನದು ನಿನ್ನ ನಾಟಕ ಅಂತ ಹೇಳಿಯೇಬಿಟ್ಟರು. ಸೂಸನ್ ಹತ್ತಿರ ನಾಟಕವೇ ಇರಲಿಲ್ಲ! ಖಾಲಿ ರಂಗದ ಮುಂದೆ ಕೂತರು. ನೋಡ್ತಾ ನೋಡ್ತಾ ಅದು ಅಡುಗೆಮನೆ ಆಯಿತು. ಆಗಸ್ಟ್ 8ಕ್ಕೆ 'ಟ್ರೈಫಲ್ಸ್' ಪ್ರದರ್ಶನ. ಅಡುಗೆಮನೆಯ ಆ ಇಬ್ಬರು ಹೆಂಗಸರಲ್ಲಿ ಒಬ್ಬಳಾದ ಮಿಸೆಸ್ ಹೇಲ್ ಪಾತ್ರ ಸೂಸನ್ ಅವರದೇ.

ಅಮೆರಿಕದ ನಾಟಕಕಾರ ಯೂಜೀನ್ ಓನೀಲ್ ಅವರ ನಾಟಕದ ಮೊದಲ ಪ್ರದರ್ಶನವೂ ಅದೇ ಬೇಸಿಗೆ, ಅದೇ ಶೆಡ್. ಎಲ್ಲರಿಗೂ ಅವರ ಹೆಸರು ಗೊತ್ತು, ಇವರದು ಗೊತ್ತಿಲ್ಲ. ಅನ್ಯಾಯ. 1931ರಲ್ಲಿ ಸೂಸನ್‌ಗೂ ಪುಲಿಟ್ಜರ್ ಪ್ರಶಸ್ತಿ ಬಂತು, 'ಆಲಿಸನ್ಸ್ ಹೌಸ್' ನಾಟಕಕ್ಕೆ. ಸತ್ತ ಕವಯಿತ್ರಿಯೊಬ್ಬರ ಬಚ್ಚಿಟ್ಟ ಕವಿತೆಗಳ ಕಥೆ, ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಅವರನ್ನು ನೆನಪಿಸುವಂಥದ್ದು. ನನಗದು ಬೋರು. ಇಲ್ಲ ಇಲ್ಲ, ಮೊದಲೆರಡು ಅಂಕ ಬೋರು. ಮೂರನೆಯದು ಚೆನ್ನಾಗಿದೆ. ಹೋದ ವಾರ ಇನ್ನೊಮ್ಮೆ ಓದಿದೆ, ಬಿಟ್ಟು ಏಳಲಾಗಲಿಲ್ಲ.

1948ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. ಅವರ ಮನೆ ಕಡೆಗೂ ಹೋಗೋಣ ಅಂದುಕೊಂಡಿದ್ದೆ... ಅಯ್ಯೋ, ಹಾರ್ನ್ ಹೊಡೀತಿದ್ದಾರೆ, ವಾಪಸ್ ಬೋಟ್ ನಮ್ಮದೇ. ಅಮ್ಮ ಫೋನ್ ಮಾಡಿದ್ದರು, ಉಪ್ಪಿನಕಾಯಿ ಹೇಗಿತ್ತು ಅಂತ. ತುಂಬಾ ಚೆನ್ನಾಗಿತ್ತು ಅಂದೆ. ಬನ್ನಿ, ಓಡಬೇಕು.