ಹುಟ್ಟಿದ್ದೆಲ್ಲಿ, ಓದಿದ್ದೆಲ್ಲಿ? ಕಲಬುರಗಿ ಕಡೆಯ ಮಕ್ಕಳ ಡಿಗ್ರಿ ಸೀಟಿನ ಲೆಕ್ಕ

[ಪರದೆಯ ಮೇಲೆ: ಆಳಂದ, ಅಕ್ಕಲಕೋಟೆ, ಕಲಬುರಗಿ ಇರುವ ನಕ್ಷೆ]

ನಮಸ್ಕಾರ. ಆಳಂದ ತಾಲ್ಲೂಕಿನ ಒಬ್ಬ ಹುಡುಗನ ಪ್ರಶ್ನೆ ಕೇಳಿ. "ಅಣ್ಣಾ, ನಾನು ಹುಟ್ಟಿದ್ದು ಆಳಂದದಲ್ಲಿ. ಒಂದನೇ ತರಗತಿಯಿಂದ ಹನ್ನೆರಡರವರೆಗೆ ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದೆ. 371ಜೆ ಸರ್ಟಿಫಿಕೇಟ್ ಕೈಯಲ್ಲಿದೆ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಗುತ್ತಾ?"

ಒಂದೇ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ಆದರೆ ಇದರೊಳಗೆ ಮೂರು ಪ್ರಶ್ನೆಗಳಿವೆ. ನೀವು ಹುಟ್ಟಿದ್ದು ಎಲ್ಲಿ? ವಾಸ ಎಲ್ಲಿ? ಓದಿದ್ದು ಎಲ್ಲಿ? ಒಂದು ಕೋಟಾ ಹುಟ್ಟಿದ ಊರು ಕೇಳುತ್ತದೆ, ಇನ್ನೊಂದು ಶಾಲೆ ಇದ್ದ ಊರು ಕೇಳುತ್ತದೆ. ನಾವು ಎಲ್ಲಕ್ಕೂ ಒಂದೇ ಉತ್ತರ ಹಿಡಿದುಕೊಂಡು ಹೋಗುತ್ತೇವೆ. ಮಕ್ಕಳು ಸೀಟು ಕಳೆದುಕೊಳ್ಳುವುದು ಇಲ್ಲೇ.

ಮೂಲ ಅರ್ಹತೆ ಬೇಗ ಹೇಳಿಬಿಡುತ್ತೇನೆ. ಬಿಎ, ಬಿಕಾಂ, ಬಿಎಸ್ಸಿಗೆ ಪಿಯುಸಿ ಪಾಸಾಗಿದ್ದರೆ ದಾರಿ ಇದೆ, ಅರ್ಜಿ ಯುಯುಸಿಎಂಎಸ್ ಅನ್ನುವ ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ. ಇಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಮತ್ತು ಮೂರನೆಯ ಐಚ್ಛಿಕ ವಿಷಯ ಸೇರಿ ಶೇ 45 ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ 40. ರ‍್ಯಾಂಕ್ ಬರುವುದು ಅರ್ಧ ಪಿಯುಸಿ ಅಂಕದಿಂದ, ಅರ್ಧ ಸಿಇಟಿ ಅಂಕದಿಂದ. ವೈದ್ಯಕೀಯಕ್ಕೆ ನೀಟ್. ಇದು ನಿಮಗೆ ಗೊತ್ತಿದ್ದದ್ದೇ. ಮುಂದೆ ಹೋಗೋಣ.

[ಪರದೆಯ ಮೇಲೆ: ಶೇ 70, ಶೇ 8]

371ಜೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ವಿಧಿ. ಹೈದರಾಬಾದ್ ಕರ್ನಾಟಕಕ್ಕೆ, ಅಂದರೆ ಈಗಿನ ಕಲ್ಯಾಣ ಕರ್ನಾಟಕಕ್ಕೆ, ವಿಶೇಷ ಸೌಲಭ್ಯ ಕೊಡುವಂಥದ್ದು. ವೈಜನಾಥ ಪಾಟೀಲರಂಥ ನಾಯಕರು ವರ್ಷಗಟ್ಟಲೆ ಇದಕ್ಕಾಗಿ ಹೋರಾಡಿದರು. ಈ ಬೇಡಿಕೆ ಎಷ್ಟು ನ್ಯಾಯವಾದದ್ದು ಅನ್ನುವುದನ್ನು ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ನಂಜುಂಡಪ್ಪ ವರದಿ ತೋರಿಸಿತು. ರಾಜ್ಯದ 39 ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಗುಲಬರ್ಗಾ ವಿಭಾಗದಲ್ಲೇ ಇದ್ದವು. 2013ರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ. ಅಷ್ಟೇ ಅಲ್ಲ, ಬೆಂಗಳೂರು, ಮೈಸೂರು ಸೇರಿ ಉಳಿದ ಕರ್ನಾಟಕದಲ್ಲೂ ಶೇ 8 ಸೀಟು ನಮ್ಮವರಿಗೆ. ಈ ಶೇ 8ರ ವಿಷಯ ಯಾದಗಿರಿಯ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಮನೆಗಳಿಗೆ ಮುಟ್ಟಿಲ್ಲ. ಸರ್ಟಿಫಿಕೇಟ್ ಅಂದರೆ ಇಲ್ಲಿನ ಕಾಲೇಜಿಗೆ ಮಾತ್ರ ಅಂದುಕೊಂಡಿರುತ್ತಾರೆ.

ಈಗ ನನಗೆ ಬಹಳ ಹಿಡಿಸಿದ ವಿಷಯ. ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಈ ಸೌಲಭ್ಯ ಯಾರಿಗೆ? ವಿಧಿ ಹೇಳುವುದು ಇಷ್ಟು: ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದವರಿಗೆ. ಇದರಲ್ಲಿ 'ಅಥವಾ' ಇದೆ ನೋಡಿ. ಎರಡರಲ್ಲಿ ಒಂದು ಸಾಕು.

ಈಗ ನಮ್ಮ ಮನೆಗಳ ಪದ್ಧತಿ ನೆನಪು ಮಾಡಿಕೊಳ್ಳಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಅಫಜಲಪುರದ ಸೊಸೆ, ತವರು ಸೋಲಾಪುರ ಅಂತ ಇಟ್ಟುಕೊಳ್ಳಿ. ಮೊದಲ ಮಗಳು ಸೋಲಾಪುರದ ಆಸ್ಪತ್ರೆಯಲ್ಲಿ ಹುಟ್ಟಿದಳು. ಎರಡನೆಯ ಮಗ ಕಲಬುರಗಿ ಆಸ್ಪತ್ರೆಯಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ಅಪ್ಪನ ಮನೆ ಎಲ್ಲಿದೆ ಅಂತ ಅದು ನೋಡುವುದಿಲ್ಲ. ಹಾಗಾಗಿ ಅಕ್ಕನ ಜನನ ಪತ್ರ ಸೋಲಾಪುರ ಮಹಾನಗರಪಾಲಿಕೆಯದು, ತಮ್ಮನದು ಕಲಬುರಗಿಯದು. ಒಂದೇ ಮನೆ, ಒಂದೇ ರೇಷನ್ ಕಾರ್ಡ್, ಓದಿದ್ದೂ ಒಂದೇ ಶಾಲೆ. ಆದರೂ ತಮ್ಮನಿಗೆ ಹುಟ್ಟಿನ ದಾರಿ ಇದೆ, ಅಕ್ಕನಿಗೆ ಇಲ್ಲ. ಅಕ್ಕ ವಾಸದ ದಾರಿ ಹಿಡಿಯಬೇಕು. ಶಾಲೆಯ ದಾಖಲೆ, ಮನೆಯ ದಾಖಲೆ, ಅಪ್ಪನ ದಾಖಲೆ ಎಲ್ಲ ಜೋಡಿಸಬೇಕು.

ಸೋಲಾಪುರದ ಕಾಗದ ನೋಡಿದ ಕೂಡಲೇ "ನಿಮಗೆ ಬರಲ್ಲ" ಅಂತ ಯಾರೋ ಹೇಳಿದ್ದಕ್ಕೆ ಸುಮ್ನೆ ವಾಪಸ್ ಬಂದ ಹೆಣ್ಣುಮಕ್ಕಳು ಇದ್ದಾರೆ. ಅದು ತಪ್ಪು. ದಯವಿಟ್ಟು ವಾಪಸ್ ಬರಬೇಡಿ. ವಾಸದ ಆಧಾರ ಅಂತ ಬರೆದು ಅರ್ಜಿ ಕೊಡಿ. ಈ ಅರ್ಹತಾ ಪತ್ರ ಕೊಡುವ ಅಧಿಕಾರ ಉಪವಿಭಾಗಾಧಿಕಾರಿಗಳದು, ನಾವು ಎಸಿ ಸಾಹೇಬರು ಅಂತೀವಲ್ಲ, ಅವರದು. ಬಾಯಿಮಾತಿನಲ್ಲಿ ಇಲ್ಲ ಅಂದವರ ಮಾತು ಲೆಕ್ಕಕ್ಕಿಲ್ಲ.

[ಪರದೆಯ ಮೇಲೆ: ಭೀಮಾ ನದಿಯ ಎರಡು ದಡ]

ಇನ್ನೊಂದು ನೋಡಿ. ಭೀಮೆಯ ಈ ದಡ ಅಫಜಲಪುರ ತಾಲ್ಲೂಕು, ಆ ದಡ ವಿಜಯಪುರ ಜಿಲ್ಲೆಯ ದೇವಣಗಾಂವ. ಸೇತುವೆ ದಾಟಿದರೆ ಆಯ್ತು. ಅದೇ ಮಾತು, ಅದೇ ಜೋಳದ ರೊಟ್ಟಿ, ಅದೇ ಪ್ರವಾಹ. ಆದರೆ ಆ ದಡ 371ಜೆ ಒಳಗೆ ಬರುವುದಿಲ್ಲ. ಯಾಕಂದ್ರೆ 1948ರ ಸೆಪ್ಟೆಂಬರ್ 17ರವರೆಗೆ ಈ ದಡ ನಿಜಾಮರದು, ಆ ದಡ ಮುಂಬೈ ಪ್ರಾಂತ್ಯದ್ದು. ಆ ಹಳೆಯ ಗಡಿ ಇವತ್ತು ಸಿಇಟಿ ಸೀಟಿನ ಗಡಿ ಆಗಿದೆ. ಹಾಗಂತ ಪೂರ್ತಿ ನಿಜಾಮರ ನಕ್ಷೆಯೇ ಅಂದುಕೊಳ್ಳಬೇಡಿ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆದರೂ ಈ ಪಟ್ಟಿಯಲ್ಲಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಆಮೇಲೆ ಬಳ್ಳಾರಿಯಿಂದ ಬೇರೆಯಾದ ವಿಜಯನಗರ. ಇಷ್ಟೇ ಪಟ್ಟಿ.

ಈಗ ಆಳಂದದ ತಮ್ಮನಿಗೆ ಉತ್ತರ. 371ಜೆ ನಿನಗಿದೆ, ಸರಿ. ಆದರೆ ಅದು ಎರಡನೆಯ ಬಾಗಿಲು. ಮೊದಲು ಸಿಇಟಿ ಅರ್ಹತೆ ಅನ್ನುವ ಬಾಗಿಲು ತೆರೆಯಬೇಕು. ಅದು ಹುಟ್ಟಿದ ಊರು ಕೇಳುವುದೇ ಇಲ್ಲ. ಅರ್ಜಿಯಲ್ಲಿ ಅರ್ಹತೆಗೆ ಬೇರೆ ಬೇರೆ ಸಾಲುಗಳಿವೆ, ನಮಗೆ ಹೊಂದುವ ಸಾಲು ಆರಿಸಬೇಕು. ಹೆಚ್ಚಿನವರು ಬರುವ ಸಾಲಿನ ನಿಯಮ ಹೀಗಿದೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ, ಯಾವುದಾದರೂ ಒಂದು ಇಲ್ಲೇ ಪಾಸಾಗಿರಬೇಕು. ನೀನು ಹನ್ನೆರಡೂ ವರ್ಷ ಅಕ್ಕಲಕೋಟೆಯಲ್ಲಿ ಓದಿದ್ದೀಯ. ಈ ಸಾಲು ನಿನಗೆ ಸಿಗುವುದಿಲ್ಲ.

ಹಾಗಂತ ಮುಗಿಯಲಿಲ್ಲ. ಗಡಿನಾಡ ಕನ್ನಡಿಗರಿಗೆ ಬೇರೆ ಸಾಲಿದೆ. ಮಹಾರಾಷ್ಟ್ರದ ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಈ ತಾಲ್ಲೂಕುಗಳ ನಿವಾಸಿಯಾಗಿದ್ದು, 7 ವರ್ಷ ಅಲ್ಲಿ ಓದಿ, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿದ್ದರೆ ಅರ್ಜಿ ಹಾಕಬಹುದು. ಸಿಇಟಿ ಜೊತೆಗೇ ಪರೀಕ್ಷಾ ಪ್ರಾಧಿಕಾರ ಒಂದು ಕನ್ನಡ ಪರೀಕ್ಷೆ ಮಾಡುತ್ತದೆ. 50 ಅಂಕದ್ದು, 12 ಬಂದರೆ ಪಾಸು. ಅಕ್ಕಲಕೋಟೆ ಪಟ್ಟಿಯಲ್ಲಿದೆ ನೋಡು. ಸೋದರಮಾವನ ಮನೆಯಲ್ಲಿದ್ದೆ ಅಂತ ಹೇಳಿದರೆ ಸಾಲದು, ಅಲ್ಲಿನ ನಿವಾಸಿ ಅನ್ನುವುದಕ್ಕೂ ಕಾಗದ ಬೇಕು. ಅದನ್ನು ಈಗಲೇ ಮಾಡಿಸು. ಅರ್ಜಿಯಲ್ಲಿ ಅರ್ಹತೆಯ ಸಾಲು ಆರಿಸುವಾಗ ಗೆಳೆಯರದ್ದು ನೋಡಿ ಕಾಪಿ ಮಾಡಬೇಡ.

[ಪರದೆಯ ಮೇಲೆ: ಆರ್, ಕೆ, ಎಚ್]

ಕಟ್‌ಆಫ್ ಪಟ್ಟಿಯಲ್ಲಿ ವರ್ಗದ ಹಿಂದೆ ಈ ಅಕ್ಷರಗಳನ್ನು ನೋಡಿರುತ್ತೀರಿ. ಆರ್ ಅಂದರೆ ಗ್ರಾಮೀಣ, ಶೇ 15. ಕೆ ಅಂದರೆ ಕನ್ನಡ ಮಾಧ್ಯಮ, ಶೇ 5. ಎಚ್ ನಮ್ಮ ಹೈದರಾಬಾದ್ ಕರ್ನಾಟಕ. ಹೆಸರು ಕಲ್ಯಾಣ ಕರ್ನಾಟಕ ಆಗಿದೆ, ಪಟ್ಟಿಯಲ್ಲಿ ಮಾತ್ರ ಎಚ್ ಉಳಿದಿದೆ.

ಗ್ರಾಮೀಣ ಕೋಟಾ ನಿಮ್ಮ ಮನೆ ಎಲ್ಲಿದೆ ಅಂತ ಕೇಳುವುದಿಲ್ಲ. ಶಾಲೆ ಎಲ್ಲಿತ್ತು ಅಂತ ಕೇಳುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ, ಹತ್ತೂ ವರ್ಷ, ಹಳ್ಳಿಯ ಶಾಲೆ ಇರಬೇಕು. ಯಾದಗಿರಿ ಹತ್ತಿರದ ಹಳ್ಳಿ ಹುಡುಗಿ ಏಳನೇ ತರಗತಿ ಊರಲ್ಲಿ ಮುಗಿಸಿ, ಎಂಟನೇ ತರಗತಿಗೆ ದಿನಾ ಬಸ್ ಹತ್ತಿ ನಗರಸಭೆ ವ್ಯಾಪ್ತಿಯ ಹೈಸ್ಕೂಲಿಗೆ ಬಂದರೆ ಕೋಟಾ ಹೋಯಿತು. ರಾತ್ರಿ ಮಲಗುವುದು ಹಳ್ಳಿಯಲ್ಲೇ, ಆದರೂ ಹೋಯಿತು. ಅವಳ ಊರಲ್ಲಿ ಹೈಸ್ಕೂಲ್ ಇಲ್ಲದ್ದು ಅವಳ ತಪ್ಪಾ? ನನ್ನ ಪ್ರಕಾರ ಈ ನಿಯಮ ತಿದ್ದಬೇಕು. ತಿದ್ದುವವರೆಗೆ ಏಳನೇ ತರಗತಿ ಮೇಷ್ಟ್ರು ಟಿಸಿ ಕೊಡುವ ದಿನವೇ ಪಾಲಕರಿಗೆ ಈ ಮಾತು ಹೇಳಬೇಕು. ಪಿಯುಸಿ ಆದ ಮೇಲೆ ಹೇಳಿದರೆ ಏನೂ ಮಾಡಲಾಗದು. ಕನ್ನಡ ಮಾಧ್ಯಮಕ್ಕೂ ಇದೇ ಹತ್ತು ವರ್ಷದ ಲೆಕ್ಕ.

ಸಮಯ ಆಗುತ್ತಿದೆ, ಉಳಿದದ್ದು ಸೇರಿಸಿ ಹೇಳುತ್ತೇನೆ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನಲ್ಲೇ ಇದೆ, ಆದರೆ ಪ್ರವೇಶ ದೇಶಕ್ಕೆಲ್ಲ ಒಂದೇ ಆದ ಸಿಯುಇಟಿ ಪ್ರವೇಶ ಪರೀಕ್ಷೆ ಮೂಲಕ. ಅಲ್ಲಿ 2ಎ, 3ಬಿ ಅನ್ನುವ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ಸರ್ಟಿಫಿಕೇಟ್ ನಮೂನೆಯೂ ಬೇರೆ. ರಾಜ್ಯದಲ್ಲಿ 3ಬಿ ಇದ್ದವರೆಲ್ಲ ಆ ಪಟ್ಟಿಯಲ್ಲಿ ಇರಬೇಕೆಂದಿಲ್ಲ. ಮೊದಲೇ ನೋಡಿಕೊಳ್ಳಿ.

ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿಯಲ್ಲಿ ಒಂದು ವಿಷಯ ಹೋಯಿತು ಅಂತ ವರ್ಷ ಬಿಡಬೇಡಿ, ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಇಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ಮಾಫಿಯ ಹೆಚ್ಚುವರಿ ಸೀಟುಗಳಿವೆ, ಆದಾಯ ಪತ್ರ ತಯಾರಿರಲಿ.

ಕೊನೆಯದಾಗಿ ರೈತರ ಮಕ್ಕಳು. ಕಲಬುರಗಿ ಮತ್ತು ಭೀಮರಾಯನಗುಡಿಯ ಕೃಷಿ ಕಾಲೇಜು, ಬೀದರಿನ ಪಶುವೈದ್ಯಕೀಯ ಕಾಲೇಜು, ಇವುಗಳಲ್ಲಿ ಕೃಷಿಕರ ಕೋಟಾ ಇದೆ. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಹೊಲದ ಸಲಕರಣೆ ಮುಂದಿಟ್ಟು ಇದೇನು ಅಂತ ಕೇಳುತ್ತಾರೆ. ತೊಗರಿ ರಾಶಿ ಮಾಡಿ ಬೆಳೆದ ಮಕ್ಕಳಿಗೆ ಇದಕ್ಕೆ ಕೋಚಿಂಗ್ ಬೇಡ. ಆದರೆ ಸಿಇಟಿ ಅರ್ಜಿಯಲ್ಲೇ ಕೃಷಿಕರ ಕೋಟಾ ಬೇಕು ಅಂತ ಗುರುತು ಹಾಕಿರಬೇಕು. ಅಪ್ಪನ ಹೊಲದ ಪಹಣಿ ತೆಗೆಸಿ, ಅದರಲ್ಲಿರುವ ಹೆಸರು ಮತ್ತು ನಿಮ್ಮ ಅಂಕಪಟ್ಟಿಯಲ್ಲಿರುವ ಅಪ್ಪನ ಹೆಸರು ಒಂದೇ ಇದೆಯಾ ಅಂತ ಇವತ್ತೇ ನೋಡಿ.