ಬಿನೋದ್ ಬಿಹಾರಿ ಮಡಿಸಿದ ಕಾಗದ

ಕೇಳುಗರಿಗೆ ನಮಸ್ಕಾರ. ಕಾಯಿಲೆ ಬಂತು, ಕೈ ನಡುಗುತ್ತೆ, ಕಣ್ಣು ಮಂಜಾಯ್ತು, ಇನ್ನು ಚಿತ್ರ ಬಿಡಿಸೋದೆಲ್ಲ ಮುಗೀತು ಅಂತ ಬ್ರಷ್ಷನ್ನು ಅಟ್ಟಕ್ಕೆ ಹಾಕಿ ಕೂತಿದ್ದೀರಲ್ಲ, ಇವತ್ತಿನ ಮಾತು ನಿಮಗೆ. ಹೇಳುವುದು ಒಂದೇ. ಹೋದದ್ದರ ಲೆಕ್ಕ ಬಿಡಿ, ಕೈಗೆ ಈಗ ಏನು ಬಗ್ಗುತ್ತದೆ ನೋಡಿ.

ಬಂಗಾಳದ ಚಿತ್ರಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ಅವರ ಹೆಸರು ಕೇಳಿದ್ದೀರಾ? ಹುಟ್ಟಿದ್ದು 1904ರಲ್ಲಿ. ಕಲಿತದ್ದು, ಕಲಿಸಿದ್ದು ಶಾಂತಿನಿಕೇತನದ ಕಲಾಭವನದಲ್ಲಿ. ಹುಟ್ಟಿನಿಂದಲೇ ಒಂದು ಕಣ್ಣು ಕಾಣದು, ಇನ್ನೊಂದು ಅಷ್ಟಕ್ಕಷ್ಟೆ. ಆ ಅರೆಗಣ್ಣಿನಲ್ಲೇ 1947ರ ಹೊತ್ತಿಗೆ ಅಲ್ಲಿನ ಹಿಂದಿ ಭವನದ ಗೋಡೆ ಮೇಲೆ ಕಬೀರ, ಸೂರದಾಸ, ತುಲಸೀದಾಸರನ್ನೆಲ್ಲ ಬರೆದರು. ಹಸಿ ಗಾರೆಯ ಕೆಲಸ ಅದು, ಗಾರೆ ಒಣಗುವುದರೊಳಗೆ ಬಣ್ಣ ಹಾಕಿ ಮುಗಿಸಬೇಕು, ತಪ್ಪಿದರೆ ಕಿತ್ತು ಮತ್ತೆ ಮೆತ್ತಬೇಕು. ಸಾಮಾನ್ಯವಾಗಿ ಅದೇ ಅಳತೆಯ ನಕ್ಷೆ ಬರೆದು ಗೋಡೆಗೆ ಇಳಿಸಿಕೊಳ್ಳುತ್ತಾರೆ. ಈ ಮನುಷ್ಯ ನೇರ ಗೋಡೆ ಮೇಲೆಯೇ ಬರೆದರು!

1957ರಲ್ಲಿ ಕಣ್ಣಿನ ಪೊರೆಯ ಆಪರೇಷನ್ ಕೈಕೊಟ್ಟಿತು. ಇದ್ದ ದೃಷ್ಟಿಯೂ ಹೋಯಿತು. ವಯಸ್ಸು ಐವತ್ತು ದಾಟಿತ್ತು.

ಜನ ಇಲ್ಲಿಗೆ ಕಥೆ ನಿಲ್ಲಿಸಿ 'ಅಯ್ಯೋ ಪಾಪ' ಅನ್ನುತ್ತಾರೆ, ನನಗೆ ರೇಗುತ್ತದೆ. ಸ್ವಾರಸ್ಯ ಶುರುವಾಗುವುದೇ ಇಲ್ಲಿ ಅಲ್ವಾ? ಅವರು ಕತ್ತರಿ ತೆಗೆದುಕೊಂಡರು. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಮೇಣದಲ್ಲಿ ಗೊಂಬೆ ಮಾಡಿದರು, ಸ್ಕೆಚ್ ಪೆನ್ನಿನಲ್ಲಿ ಬರೆದರು, ಕಾಗದ ಮಡಿಸಿದರು. ಕಾಗದವೇ ಯಾಕೆ? ಬ್ರಷ್ ಎಳೆದ ಗೆರೆ ಬೆರಳಿಗೆ ಸಿಗುವುದಿಲ್ಲ. ಕತ್ತರಿಸಿದ ಅಂಚು ಸಿಗುತ್ತದೆ, ಮಡಿಸಿದ ಏಣು ಸಿಗುತ್ತದೆ. ಮೊಣಕೈ ಎಲ್ಲಿ ಬಾಗಿತು, ಸೊಂಟ ಎಲ್ಲಿ ತಿರುಗಿತು, ಎಲ್ಲ ಹೆಬ್ಬೆರಳಲ್ಲಿ ಸವರಿ ತಿಳಿಯಬಹುದು. ಇಂಥ ಮಡಿಸಿದ ಆಕೃತಿಗಳನ್ನೇ ಇಟ್ಟುಕೊಂಡು 1972ರಲ್ಲಿ ಕಲಾಭವನದ ಗೋಡೆಗೆ ಸೆರಾಮಿಕ್ ಟೈಲ್ಸಿನ ದೊಡ್ಡ ಚಿತ್ರ ಮಾಡಿದರು. ಅದೇ ವರ್ಷ ಹಳೇ ಶಿಷ್ಯ ಸತ್ಯಜಿತ್ ರಾಯ್ ಗುರುಗಳ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಅದಕ್ಕೇ ಹೇಳಿದ್ದು, ಕೈಗೆ ಏನು ಬಗ್ಗುತ್ತದೆ ನೋಡಿ ಅಂತ.

ಇನ್ನೂ ಕೆಲವರ ವಿಷಯ ಬರೆದು ತಂದಿದ್ದೆ, ಗಡಿಯಾರ ಬಿಡುತ್ತಿಲ್ಲ. ಫ್ರಾನ್ಸಿನ ಚಿತ್ರಕಲಾವಿದ ಮಾತೀಸ್ ಕೂಡ 1941ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದಮೇಲೆ ಗಾಲಿಕುರ್ಚಿಯಲ್ಲಿ ಕೂತು, ಬಣ್ಣ ಬಳಿದ ಕಾಗದಕ್ಕೆ ಕತ್ತರಿ ಹಾಕಿದವರೇ. ಅಷ್ಟು ಸಾಕು.

ಮನೆಯವರಿಗೂ ಒಂದು ಮಾತು. ಪಕ್ಕದಲ್ಲಿ ಕೂತು ಇದು ಕೆಂಪು, ಇದು ಹಳದಿ ಅಂತ ಹೇಳಿ, ಅಂಟು ಕೊಡಿ, ಆದರೆ 'ನೀವು ಸುಮ್ನೆ ಇರಿ, ನಾನು ಕತ್ತರಿಸ್ತೀನಿ' ಅಂತ ಕಿತ್ತುಕೊಳ್ಳಬೇಡಿ. ಹಳೇ ಮದುವೆ ಕರೆಯೋಲೆ ಇದ್ದೇ ಇರುತ್ತದಲ್ಲ, ಒಳ್ಳೆ ದಪ್ಪ ಕಾಗದ, ಅದರಲ್ಲೇ ಶುರು ಮಾಡಿ. ಕೈ ಜಾಸ್ತಿ ನಡುಗುವವರಿಗೆ ಕತ್ತರಿ ಬೇಡ, ಬೆರಳಲ್ಲೇ ಹರಿಯಿರಿ, ಹರಿದ ಅಂಚು ಇನ್ನೂ ಚೆನ್ನಾಗಿರುತ್ತದೆ. ನಮಸ್ಕಾರ.