ಮನೆಯೊಳಗೇ ಹಿಮಕ್ರೀಡೆ: ಪುಟ್ಟ ಮಕ್ಕಳಿಗಾಗಿ

ನಮಸ್ಕಾರ. ಚಳಿಯಿಂದಾಗಿ ಹೊರಗೆ ಹೋಗಲಾಗದ ದಿನವೂ ಪುಟ್ಟ ಮಕ್ಕಳ ಮೈಗೆ ಓಡಾಟ ಬೇಕೇ ಬೇಕು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಚಟುವಟಿಕೆಯಿಂದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಆ ಹೊತ್ತು ದಿನವಿಡೀ ಹಂಚಿಹೋಗಿದ್ದರೂ ಆದೀತು.

(ದೃಶ್ಯ: ನೆಲದ ಮೇಲೆ ಬಣ್ಣದ ಟೇಪಿನಿಂದ ಮಾಡಿದ ದೊಡ್ಡ ವೃತ್ತ, ಪಕ್ಕದಲ್ಲಿ ಮುಚ್ಚಳವಿರುವ ಡಬ್ಬಿ.)

ಹಿಮಕ್ರೀಡೆಗಳಲ್ಲಿ ಎರಡು ವರ್ಷದ ಆಸುಪಾಸಿನವರಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವುದು ಕರ್ಲಿಂಗ್ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದನ್ನು ಮಗು ಕುಳಿತೇ ಆಡಬಹುದು. ದೊಡ್ಡವರ ಆಟದಲ್ಲಿ 17ರಿಂದ 20 ಕಿಲೋ ತೂಗುವ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ ವೃತ್ತದೊಳಗೆ ನಿಲ್ಲಿಸುತ್ತಾರೆ. ನಾವು ಅಂಗೈಗಿಂತ ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಳೆಯ ಬಟ್ಟೆ ತುಂಬಿ, ಮುಚ್ಚಳವನ್ನು ಟೇಪಿನಿಂದ ಭದ್ರಪಡಿಸಿ, ಇಡೀ ಡಬ್ಬಿಗೆ ದೊಡ್ಡವರ ಕಾಲುಚೀಲವೊಂದನ್ನು ತೊಡಿಸಿದರೆ, ನುಣುಪಾದ ನೆಲದ ಮೇಲೆ ಅದು ಸದ್ದಿಲ್ಲದೆ ಜಾರುತ್ತದೆ. ಮೊದಮೊದಲು ವೃತ್ತದ ಅಂಚಿನಲ್ಲೇ ಮಗುವನ್ನು ಕೂರಿಸಿ. ಎಷ್ಟು ಬಲವಾಗಿ ತಳ್ಳಿದರೆ ಎಷ್ಟು ದೂರ ಹೋಗುತ್ತದೆಂಬುದು ಕೈಗೆ ತಿಳಿದಂತೆಲ್ಲ ಸ್ವಲ್ಪಸ್ವಲ್ಪವೇ ಹಿಂದೆ ಸರಿಸಿ. ಆಟಗಾರರು ಕಲ್ಲಿನ ಮುಂದಿನ ಮಂಜುಗಡ್ಡೆಯನ್ನು ಬ್ರಷ್ಷಿನಿಂದ ಉಜ್ಜಿ ಘರ್ಷಣೆ ತಗ್ಗಿಸುವುದುಂಟು, ಆದ್ದರಿಂದ ಒಂದು ಪುಟ್ಟ ಪೊರಕೆಯನ್ನೂ ಕೊಡಿ. ಅಂಕ ಎಣಿಸುವ ಅಗತ್ಯವಿಲ್ಲ, ಮಗು ಡಬ್ಬಿಯನ್ನು ಎತ್ತಿಕೊಂಡು ಹೋಗಿ ವೃತ್ತದಲ್ಲಿ ಇಟ್ಟುಬಂದರೂ ಅದು ಆಟವೇ.

(ದೃಶ್ಯ: ರಟ್ಟಿನ ಪೆಟ್ಟಿಗೆಯಲ್ಲಿ ಕೂತ ಗೊಂಬೆ, ಹಿಂದಿನಿಂದ ತಳ್ಳುವ ಮಗು.)

ಬಾಬ್‌ಸ್ಲೆಡ್ ಎಂದರೆ ಮಂಜುಗಡ್ಡೆಯ ಹಾದಿಯಲ್ಲಿ ಜಾರುಬಂಡಿ ಓಡಿಸುವ ಆಟ. ಅದರ ಕ್ರೀಡಾಳುಗಳು ಮೊದಲು ಬಂಡಿಯನ್ನು ತಳ್ಳುತ್ತ ಓಡಿ, ಬಳಿಕ ಅದರೊಳಗೆ ಹಾರಿ ಕೂರುತ್ತಾರೆ. ಆ ತಳ್ಳುವ ಭಾಗವೇ ಮಕ್ಕಳಿಗೆ ಪ್ರಿಯ. ರಟ್ಟಿನ ಪೆಟ್ಟಿಗೆಯಲ್ಲಿರುವ ಲೋಹದ ಪಿನ್ನುಗಳನ್ನೆಲ್ಲ ತೆಗೆದು, ಗೊಂಬೆಗಳನ್ನು ಕೂರಿಸಿ, ಮಗುವಿಗೆ ತಳ್ಳಲು ಬಿಡಿ. ತಾನೇ ಕೂರಬೇಕೆಂದು ಹಟ ಹಿಡಿದರೆ ನೀವು ಹಗ್ಗ ಕಟ್ಟಿ ನಿಧಾನವಾಗಿ ಎಳೆಯಬಹುದು.

ಸ್ಕೇಟಿಂಗ್‌ಗೆ ಪಾದದಡಿ ಒಂದೊಂದು ಕಾಗದದ ತಟ್ಟೆ ಸಾಕು. ಆದರೆ ಇದು ನಡಿಗೆ ಸ್ಥಿರವಾದ ಮಕ್ಕಳಿಗೆ, ಅದೂ ಕಾರ್ಪೆಟ್ಟಿನ ಮೇಲೆ, ನೀವು ಎರಡೂ ಕೈ ಹಿಡಿದಿರುವಾಗ ಮಾತ್ರ. ನುಣುಪಾದ ನೆಲದಲ್ಲಿ ಖಂಡಿತ ಬೇಡ.

ಹಿಮದುಂಡೆಯೆಂದು ಹತ್ತಿಯ ಉಂಡೆಗಳನ್ನು ಕೊಡುವವರಿದ್ದಾರೆ, ಅವು ಬಾಯಿಗೆ ಹೋಗಿ ಗಂಟಲಲ್ಲಿ ಸಿಲುಕಬಹುದು. ಅದರ ಬದಲು ದೊಡ್ಡವರ ಕಾಲುಚೀಲಗಳನ್ನೇ ಸುತ್ತಿ ಬುಟ್ಟಿಗೆ ಎಸೆಯಲು ಹೇಳಿ. ಟಾಯ್ಲೆಟ್ ಪೇಪರಿನ ಖಾಲಿ ಸುರುಳಿಯೊಳಗೆ ತೂರುವಷ್ಟು ಚಿಕ್ಕದಾದ ಯಾವ ವಸ್ತುವೂ ಈ ಆಟಗಳಲ್ಲಿರಬಾರದು. ಆಟ ಮುಗಿದೊಡನೆ ಪೆಟ್ಟಿಗೆಯ ಹಗ್ಗವನ್ನು ಬಿಚ್ಚಿ, ಮಗುವಿಗೆ ಎಟುಕದ ಕಡೆ ಎತ್ತಿಡಿ.